ಹಳೇ ಹಲಸಿನ ಹಲಗೆಯಿಂದ ಲ್ಯಾಪ್ ಸ್ಟೀಲ್ ಗಿಟಾರ್: ಕಟ್ಟುವುದು, ಶ್ರುತಿ ಮಾಡುವುದು, ನುಡಿಸುವುದು

ಪ್ರಶ್ನೆ: ಅಜ್ಜನ ಮನೆ ಬಿಚ್ಚಿದಾಗ ಒಂದು ಹಲಸಿನ ಹಲಗೆ ಉಳಿಸಿಕೊಂಡೆ. ಮೂರಡಿ ಉದ್ದ, ಎಂಟು ಇಂಚು ಅಗಲ, ಎರಡು ಇಂಚು ದಪ್ಪ ಇದೆ. ಅದರಲ್ಲಿ ತೊಡೆಯ ಮೇಲಿಟ್ಟು ನುಡಿಸುವ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ಮಾಡಿಕೊಳ್ಳುವ ಆಸೆ. ಮರಗೆಲಸ ಅಲ್ಪಸ್ವಲ್ಪ ಬರುತ್ತದೆ. ನಾಲ್ಕು ವರ್ಷ ಹಿಂದೂಸ್ತಾನಿ ಗಾಯನ ಕಲಿತಿದ್ದೇನೆ, ಭಾವಗೀತೆಗಳನ್ನು ನುಡಿಸಬೇಕೆಂದಿದ್ದೇನೆ. ಸದ್ಯಕ್ಕೆ ಮಾಮೂಲಿ ಗಿಟಾರಿನ ತಂತಿಗಳನ್ನು ಎತ್ತರಿಸಿ, ಒಂದು ಸ್ಪ್ಯಾನರ್‌ನಿಂದ ಎಳೆದು ನೋಡಿದೆ. ಶ್ರುತಿ ಅಳೆಯುವ ಟ್ಯೂನರ್ ಹಸಿರು ತೋರಿಸಿದರೂ ಕಿವಿಗೆ ಅಪಸ್ವರ ಅನ್ನಿಸುತ್ತದೆ, ಜೊತೆಗೆ ಕರಕರ ಸದ್ದು ಬೇರೆ. ಅಳತೆ ಏನು, ಶ್ರುತಿ ಯಾವುದು, ಎಲ್ಲಿಂದ ಶುರು ಮಾಡಲಿ?

ಉತ್ತರ:

ನಿಮ್ಮ ಕಿವಿ ಹೇಳುತ್ತಿರುವುದು ಸರಿ. ಟ್ಯೂನರ್ ಹಸಿರು ತೋರಿಸುವ ಜಾಗವೂ ನಾಲ್ಕು ವರ್ಷ ತಂಬೂರಿಯ ಪಕ್ಕ ಕೂತು ಹಾಡಿದವರ ಗಾಂಧಾರವೂ ಒಂದೇ ಅಲ್ಲ. ಈ ವಾದ್ಯದಲ್ಲಿ ಮೆಟ್ಟಿಲುಗಳಿಲ್ಲ (ತಂತಿ ಒತ್ತಲು ಕತ್ತಿನ ಮೇಲೆ ಅಡ್ಡ ಕೂರಿಸುವ ಪಟ್ಟಿಗಳು), ಮೆಟ್ಟಿಲಿನ ಚಿತ್ರ ಮಾತ್ರ ಇರುತ್ತದೆ. ಹಲಗೆಯ ಮೇಲೆ ಬರೆದ ಗೆರೆ ದಾರಿ ತೋರಿಸುತ್ತದೆ, ಸ್ವರವನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿರುವ ಉಕ್ಕಿನ ತುಂಡು. ಕಟ್ಟುವಾಗ, ಶ್ರುತಿ ಮಾಡುವಾಗ, ನುಡಿಸುವಾಗ ಮೂರೂ ಕಡೆ ಇದೊಂದನ್ನು ನೆನಪಿಟ್ಟುಕೊಂಡರೆ ನಿಮ್ಮ ಕಷ್ಟದಲ್ಲಿ ಮುಕ್ಕಾಲು ಪಾಲು ಕಳೆಯುತ್ತದೆ.

ಮೊದಲು ವಾದ್ಯದ ಹಿನ್ನೆಲೆ ಎರಡು ಮಾತಿನಲ್ಲಿ. ಇದಕ್ಕೂ ನಿಮ್ಮ ಸ್ಪ್ಯಾನರ್‌ಗೂ ಸಂಬಂಧವಿದೆ. ಹವಾಯಿಯ ಒವಾಹು ದ್ವೀಪದ ಲಾಯೀ ಊರಿನ ಹುಡುಗ ಜೋಸೆಫ್ ಕೆಕುಕು 1880ರ ದಶಕದ ಕೊನೆಯ ಹೊತ್ತಿಗೆ ಗಿಟಾರ್ ತಂತಿಯ ಮೇಲೆ ಲೋಹ ಜಾರಿಸಿ ನುಡಿಸುವುದನ್ನು ರೂಢಿಸಿಕೊಂಡ. ರೈಲು ಹಳಿಯ ಪಕ್ಕ ಸಿಕ್ಕ ಬೋಲ್ಟ್ ತಂತಿಗೆ ತಾಗಿ ಅದರ ನಾದ ಅವನನ್ನು ಹಿಡಿದು ನಿಲ್ಲಿಸಿತೆಂದು ಹೇಳುತ್ತಾರೆ. ಬಾಚಣಿಗೆ, ಚಾಕುವಿನ ಬೆನ್ನು ಎಲ್ಲವನ್ನೂ ಪ್ರಯತ್ನಿಸಿ, ಕೊನೆಗೆ ಹೊನೊಲುಲುವಿನ ಕಮೆಹಮೆಹ ಶಾಲೆಯ ವರ್ಕ್‌ಶಾಪಿನಲ್ಲಿ ನಯವಾದ ಉಕ್ಕಿನ ಸರಳು ಮಾಡಿಕೊಂಡ. ‘ಸ್ಟೀಲ್’ ಎಂಬ ಹೆಸರು ಬಂದಿದ್ದು ಆ ಸರಳಿನಿಂದ, ತಂತಿಯಿಂದಲ್ಲ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮ-ಪೆಸಿಫಿಕ್ ಪ್ರದರ್ಶನದ ನಂತರ ಅಮೆರಿಕವೆಲ್ಲ ಈ ನಾದಕ್ಕೆ ಮರುಳಾಯಿತು. ಆದರೆ ವಾದ್ಯವೃಂದದ ಗದ್ದಲದಲ್ಲಿ ಒಂಟಿ ಗಿಟಾರಿನ ರಾಗ ಕೇಳಿಸುತ್ತಿರಲಿಲ್ಲ. ಆ ಕೊರತೆ ನೀಗಿಸಲು ಜಾರ್ಜ್ ಬೋಶಾಂಪ್ 1931ರಲ್ಲಿ ರೂಪಿಸಿ, ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆಗೂಡಿ 1932ರಲ್ಲಿ ಮಾರುಕಟ್ಟೆಗೆ ತಂದ ಅಲ್ಯೂಮಿನಿಯಂ ವಾದ್ಯವೇ ‘ಫ್ರೈಯಿಂಗ್ ಪ್ಯಾನ್’. ದುಂಡು ಒಡಲು, ಉದ್ದ ಕತ್ತು, ನೋಡಲು ಥೇಟ್ ಬಾಣಲಿ. ಜಗತ್ತು ಕೊಂಡುಕೊಂಡ ಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಇದು ಒಂದು, ಮತ್ತು ಅದು ತೊಡೆಯ ಮೇಲಿನ ವಾದ್ಯ.

ನಮ್ಮ ಕಡೆ ಹಳಬರು ಇದನ್ನು ಹವಾಯನ್ ಗಿಟಾರ್ ಎನ್ನುವುದು ಇದರಿಂದಲೇ. ಟೌ ಮೋ ಎಂಬ ಹವಾಯಿ ಕಲಾವಿದ 1940ರ ದಶಕದಲ್ಲಿ ಕುಟುಂಬ ಸಮೇತ ಕಲ್ಕತ್ತೆಯಲ್ಲಿದ್ದು ಕಲಿಸಿದ. ಬಂಗಾಳಿಗಳು ರವೀಂದ್ರ ಸಂಗೀತವನ್ನೇ ಅದರಲ್ಲಿ ಹಾಡಿಸಿದರು. ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಅಲಿ ಅಕ್ಬರ್ ಖಾನರ ಬಳಿ ಕಲಿತು ಅದಕ್ಕೆ ರಾಗ ವಿಸ್ತಾರ ಒಗ್ಗುತ್ತದೆಂದು ತೋರಿಸಿದರು. ಈಗ ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಹಿಂದೂಸ್ತಾನಿಯನ್ನು ಸ್ಲೈಡ್ ಗಿಟಾರಿನಲ್ಲಿ ನುಡಿಸುತ್ತಾರೆ. ಕರ್ನಾಟಕ ಸಂಗೀತದ ಚಿತ್ರವೀಣೆ, ಅಂದರೆ ಗೋಟುವಾದ್ಯ, ಇದೇ ತತ್ವದ ಮೇಲೆ ನಿಂತಿದೆ: ಮೆಟ್ಟಿಲಿಲ್ಲದ ವೀಣೆ, ಮೇಲೆ ಜಾರುವ ಗಟ್ಟಿ. ಮೈಸೂರಿನಲ್ಲಿ ಹುಟ್ಟಿದ ರವಿಕಿರಣ್ ಅವರ ಚಿತ್ರವೀಣೆಯನ್ನು ಕೇಳಿ, ಬಲಗೈ ಒಮ್ಮೆ ಮೀಟಿದ ಮೇಲೆ ಎಡಗೈ ಎಷ್ಟು ಸ್ವರ ಹಾಡುತ್ತದೆಂದು ಗಮನಿಸಿ. ಗಾಯನ ಕಲಿತವರಿಗೆ ಇದಕ್ಕಿಂತ ಹತ್ತಿರದ ತಂತಿವಾದ್ಯ ಇಲ್ಲ ಎಂಬುದು ನನ್ನ ನಂಬಿಕೆ.

ಈಗ ಹಲಗೆಗೆ ಬರೋಣ. ಹಲಸು ಒಳ್ಳೆಯ ಆಯ್ಕೆ, ನಮ್ಮ ವೀಣೆಯ ಮರವೇ ಅದು. ಆದರೆ ಗಟ್ಟಿ ಒಡಲಿನ ಎಲೆಕ್ಟ್ರಿಕ್ ವಾದ್ಯದಲ್ಲಿ ಮರದ ಜಾತಿಗಿಂತ ಅದು ಒಣಗಿರುವುದೂ ಬಗ್ಗದಿರುವುದೂ ಮುಖ್ಯ. ತೇಗವಾದರೂ ನಡೆಯುತ್ತದೆ, ಮತ್ತಿಯಾದರೂ ನಡೆಯುತ್ತದೆ. ಹಳೇ ಮನೆಯ ಮರ ದಶಕಗಳ ಕಾಲ ಒಣಗಿರುವುದರಿಂದ ಇನ್ನು ತಿರುಚಿಕೊಳ್ಳುವ ಭಯ ಕಡಿಮೆ. ಗೆದ್ದಲು ಒಳಗಿನಿಂದ ತಿಂದಿದೆಯೇ ಎಂದು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ ನೋಡಿ. ಡಬಡಬ ಎಂದ ಕಡೆ ಮೇರುವೂ (ಕತ್ತಿನ ತುದಿಯಲ್ಲಿ ತಂತಿಗಳು ಒರಗುವ ಪಟ್ಟಿ) ಬರಬಾರದು, ಕುದುರೆಯೂ (ಒಡಲಿನ ಕಡೆ ತಂತಿಗಳು ಒರಗುವ ಪಟ್ಟಿ) ಬರಬಾರದು. ಹಳೇ ಮೊಳೆಯ ತುಂಡುಗಳನ್ನು ಆಯಸ್ಕಾಂತ ಹಿಡಿದು ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಮರ ಹೆರೆಯುವ ಹತ್ತರಿಯ ಬಾಯಿ ಹೋಗುತ್ತದೆ.

ಮೇಲ್ಮೈಯನ್ನು ಸಮತಟ್ಟಾಗಿ ಹತ್ತರಿ ಹಿಡಿದು 38ರಿಂದ 40 ಮಿ.ಮೀ. ದಪ್ಪಕ್ಕೆ ತನ್ನಿ. ಉದ್ದ 80 ಸೆಂ.ಮೀ. ಸಾಕು. ಒಡಲಿನ ಕಡೆ 15ರಿಂದ 18 ಸೆಂ.ಮೀ. ಅಗಲ, ಕತ್ತಿನ ಕಡೆ 6 ಸೆಂ.ಮೀ. ಸುಮಾರು. ಮಾಮೂಲಿ ಗಿಟಾರಿನ ಹಾಗೆ ಕತ್ತನ್ನು ಹಿಂದೆ ದುಂಡು ಮಾಡಬೇಕಿಲ್ಲ, ಯಾಕೆಂದರೆ ಅದನ್ನು ಅಂಗೈಯಲ್ಲಿ ಹಿಡಿಯುವುದೇ ಇಲ್ಲ. ಅದನ್ನು ತೆಳ್ಳಗೆ ಮಾಡುವುದೇ ತಪ್ಪು. ಆರು ತಂತಿಗಳ ಒಟ್ಟು ಎಳೆತ 65ರಿಂದ 70 ಕಿಲೋ ತೂಕದಷ್ಟಾಗುತ್ತದೆ. ಇಡೀ ದಪ್ಪವನ್ನು ಉಳಿಸಿಕೊಂಡ ಕತ್ತಿಗೆ, ಅದು ಬಾಗದಂತೆ ಒಳಗೆ ಹಾಕುವ ಉಕ್ಕಿನ ಸರಳಿನ ಅಗತ್ಯವಿಲ್ಲ.

ಮೇರುವಿನಿಂದ ಕುದುರೆಯವರೆಗಿನ ಅಂತರವನ್ನು 22.5 ಇಂಚು, ಅಂದರೆ 571.5 ಮಿ.ಮೀ. ಇಡಿ. ಈ ಅಳತೆ ಲ್ಯಾಪ್ ಸ್ಟೀಲ್‌ನಲ್ಲಿ ಮೊದಲಿನಿಂದ ಬಂದದ್ದು, ಫ್ರೈಯಿಂಗ್ ಪ್ಯಾನ್‌ನ ಒಂದು ಮಾದರಿಯೂ ಇದೇ ಅಳತೆಯದು. ಗೆರೆಗಳ ಲೆಕ್ಕ ಸರಳ. ಉಳಿದ ಅಂತರವನ್ನು ಪ್ರತಿ ಸಲ 17.817ರಿಂದ ಭಾಗಿಸಿದರೆ ಮುಂದಿನ ಗೆರೆಗೆ ಎಷ್ಟು ದೂರವೆಂದು ಸಿಗುತ್ತದೆ. ಮೊದಲನೆಯದು ಮೇರುವಿನಿಂದ 32.1 ಮಿ.ಮೀ., ಎರಡನೆಯದು 62.4, ಮೂರನೆಯದು 90.9, ನಾಲ್ಕನೆಯದು 117.9, ಐದನೆಯದು 143.4, ಏಳನೆಯದು 190.1, ಒಂಬತ್ತನೆಯದು 231.7, ಹನ್ನೊಂದನೆಯದು 268.8, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ 285.75. ಎಲ್ಲ ಅಳತೆಯನ್ನೂ ಮೇರುವಿನಿಂದಲೇ ತೆಗೆದುಕೊಳ್ಳಿ. ಒಂದು ಗೆರೆಯಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಸಣ್ಣ ತಪ್ಪುಗಳು ಕೂಡಿಕೊಂಡು ಕೊನೆಗೆ ಮಿಲಿಮೀಟರುಗಳಾಗುತ್ತವೆ.

ಗೆರೆಗಳನ್ನು ಕಂಪ್ಯೂಟರಿನಲ್ಲಿ ಬರೆದು ಕಾಗದದಲ್ಲಿ ಮುದ್ರಿಸಿ ಅಂಟಿಸುವುದು ಸುಲಭದ ದಾರಿ. ನನ್ನ ಮೊದಲ ವಾದ್ಯಕ್ಕೆ ಹಾಗೇ ಮಾಡಿದೆ. ಮುದ್ರಿಸಿಕೊಟ್ಟ ಅಂಗಡಿಯಲ್ಲಿ ಪುಟಕ್ಕೆ ಹೊಂದುವಂತೆ ಚಿತ್ರವನ್ನು ನೂರಕ್ಕೆ 97ಕ್ಕೆ ಕುಗ್ಗಿಸಿದ್ದು ನನಗೆ ತಿಳಿಯಲಿಲ್ಲ. ಹನ್ನೆರಡನೇ ಗೆರೆ ಎಂಟೂವರೆ ಮಿಲಿಮೀಟರ್ ಈಚೆ ಬಂದು ಕೂತಿತ್ತು. ಅದರ ಮೇಲೆ ವಾರ್ನಿಷ್ ಹೊಡೆದು ಒಣಗಿದ ಮೇಲೆ ಗೊತ್ತಾಗಿ, ಎರಡು ದಿನ ಕೂತು ಕೆರೆದು ತೆಗೆದೆ. ಅಂಟಿಸುವ ಮುನ್ನ ಉಕ್ಕಿನ ಅಳತೆಪಟ್ಟಿ ಇಟ್ಟು ಹನ್ನೆರಡನೇ ಗೆರೆ 285.75ಕ್ಕೆ ಬಂದಿದೆಯೇ ನೋಡಿ.

ಮಾಮೂಲಿ ಗಿಟಾರಿನಲ್ಲಿ ತಂತಿ ಒತ್ತಿದಾಗ ಅದು ಎಳೆದುಕೊಂಡು ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಕುದುರೆಯನ್ನು ಓರೆಯಾಗಿ, ಕೊಂಚ ಹಿಂದಕ್ಕೆ ಇಡುತ್ತಾರೆ. ಇಲ್ಲಿ ಒತ್ತುವುದೇ ಇಲ್ಲ. ಆದ್ದರಿಂದ ಕುದುರೆ 571.5ಕ್ಕೆ, ಮೇರುವಿಗೆ ಸಮಾನಾಂತರವಾಗಿ, ನೇರ ಕೂರಬೇಕು. ಮನೆಯಲ್ಲಿ ಕಟ್ಟುವವರಿಗೆ ಒಗ್ಗುವ ವಸ್ತು ಹಿತ್ತಾಳೆ ಅಥವಾ ಅಲ್ಯೂಮಿನಿಯಂ ‘ಎಲ್’ ಆಂಗಲ್. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಎರಡು ತುಂಡು ಕತ್ತರಿಸಿ, ಒಂದನ್ನು ಮೇರು, ಇನ್ನೊಂದನ್ನು ಕುದುರೆ ಮಾಡಿ ಸ್ಕ್ರೂ ಹಾಕಿ. ತಂತಿಗಳು ಹಲಗೆಯಿಂದ 9ರಿಂದ 10 ಮಿ.ಮೀ. ಎತ್ತರದಲ್ಲಿರಲಿ. ತಂತಿಯಿಂದ ತಂತಿಗೆ ಮೇರುವಿನಲ್ಲಿ 8.5, ಕುದುರೆಯಲ್ಲಿ 9.5 ಮಿ.ಮೀ. ಅಂತರವಿದ್ದರೆ ಬಲಗೈ ಬೆರಳಿಗೆ ಜಾಗವಾಗುತ್ತದೆ.

ನಿಮ್ಮ ಕರಕರ ಸದ್ದಿನ ಒಂದು ಮೂಲ ಈ ಮೇರುವಿನಲ್ಲಿದೆ. ಮಾಮೂಲಿ ಗಿಟಾರಿನ ಮೇರುವಿನಲ್ಲಿ ತಂತಿಗಳು ಕಮಾನಿನಂತೆ ಕೂತಿರುತ್ತವೆ, ಅಥವಾ ಎಲ್ಲ ತಂತಿಗಳ ತಳ ಒಂದೇ ಮಟ್ಟದಲ್ಲಿರುತ್ತದೆ. ನೇರ ಸರಳನ್ನು ಅದರ ಮೇಲಿಟ್ಟರೆ ಕೆಲವು ತಂತಿಗೆ ತಾಗುತ್ತದೆ, ಕೆಲವಕ್ಕೆ ಅರೆಬರೆ ತಾಗಿ ಕರಕರ ಎನ್ನುತ್ತದೆ. ಲ್ಯಾಪ್ ಸ್ಟೀಲ್‌ನಲ್ಲಿ ಎಲ್ಲ ತಂತಿಗಳ ನೆತ್ತಿ ಒಂದೇ ಮಟ್ಟದಲ್ಲಿರಬೇಕು. ದಪ್ಪ ತಂತಿಗೂ ಸಣ್ಣ ತಂತಿಗೂ ದಪ್ಪದಲ್ಲಿ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸವಿರುತ್ತದೆ. ದಪ್ಪ ತಂತಿ ಕೂರುವ ಕಚ್ಚನ್ನು ಅಷ್ಟು ಆಳಕ್ಕೆ ಅರದಿಂದ ಉಜ್ಜಿ. ಮೇಲೆ ಉಕ್ಕಿನ ಅಳತೆಪಟ್ಟಿ ಅಡ್ಡವಿಟ್ಟು, ಹಿಂದೆ ಟಾರ್ಚ್ ಹಿಡಿದು, ಯಾವ ತಂತಿಯ ಮೇಲೆ ಬೆಳಕು ನುಸುಳುತ್ತದೆ ನೋಡುತ್ತಾ ಉಜ್ಜುತ್ತಾ ಹೋಗಿ. ನಾನು ಇಡೀ ವಾದ್ಯದ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ಒಡಲಿಗೆ ಪಾಲಿಶ್ ಹೊಡೆಯಲು ಅರ್ಧ ದಿನ ಇಟ್ಟರೆ ಮೇರುವಿಗೆ ಒಂದು ದಿನ ಇಡಿ.

ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತ ಮತ್ತು ಸುರುಳಿ, ಯಾವುದಾದರೂ ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನದು ಆದೀತು. ಕುದುರೆಯಿಂದ 40ರಿಂದ 50 ಮಿ.ಮೀ. ಮುಂದೆ ಇಟ್ಟರೆ ಚುರುಕೂ ತುಂಬುತನವೂ ಹದವಾಗಿ ಬರುತ್ತದೆ. ಒಂಟಿ ಸುರುಳಿಯದಾದರೆ 250 ಕಿಲೋ ಓಮ್, ಜೋಡಿ ಸುರುಳಿಯದಾದರೆ 500 ಕಿಲೋ ಓಮ್‌ನ ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ಬಿಡಿಭಾಗ) ಹಾಕಿ. ಅದರ ಗುಂಡಿ ಬಲಗೈ ಕಿರುಬೆರಳಿಗೆ ಎಟುಕುವಂತಿರಲಿ: ಮೀಟುವಾಗ ಸದ್ದು ಇಳಿಸಿ, ಮೀಟಿದ ಕೂಡಲೇ ಏರಿಸಿದರೆ ಮೀಟು ಮರೆಯಾಗಿ ಪಿಟೀಲಿನ ಕಮಾನಿನಂಥ ನಾದ ಬರುತ್ತದೆ. ಕುದುರೆಯಿಂದ ಜ್ಯಾಕಿನ (ಕೇಬಲ್ ಚುಚ್ಚುವ ಜಾಗದ) ಗ್ರೌಂಡ್ ತುದಿಗೆ ಒಂದು ವೈರು ಬೆಸೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಗುಂಯ್ ಎನ್ನುತ್ತಲೇ ಇರುತ್ತದೆ.

ಸರಳಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಸ್ಪ್ಯಾನರ್‌ನಲ್ಲಿ ಯಾರಿಗೂ ಈ ವಾದ್ಯ ಒಲಿಯುವುದಿಲ್ಲ. ಅದರ ಮೈಯಲ್ಲಿ ಗೀರುಗಳಿರುತ್ತವೆ. ಪ್ರತಿ ಗೀರೂ ಸುತ್ತು ತಂತಿಯ (ಮೇಲೆ ಇನ್ನೊಂದು ತೆಳು ತಂತಿ ಸುತ್ತಿದ ದಪ್ಪ ತಂತಿಯ) ಮೇಲೆ ಅರದಂತೆ ಉಜ್ಜುತ್ತದೆ, ನಿಮ್ಮ ಕರಕರದ ಇನ್ನೊಂದು ಮೂಲ ಅದೇ. ಬೇಕಾದದ್ದು 19ರಿಂದ 22 ಮಿ.ಮೀ. ವ್ಯಾಸದ, 75ರಿಂದ 80 ಮಿ.ಮೀ. ಉದ್ದದ ಗಟ್ಟಿ ಸ್ಟೇನ್‌ಲೆಸ್ ಸರಳು. ದೊಡ್ಡದು ಕಾಲು ಕಿಲೋ ತೂಗುತ್ತದೆ, ಚಿಕ್ಕದು ನೂರೈವತ್ತರಿಂದ ನೂರೆಂಬತ್ತು ಗ್ರಾಂ. ಅಂಗಡಿಯಲ್ಲಿ ಸಿಗದಿದ್ದರೆ ಲೇಥ್ ಇರುವ ಯಾವ ವರ್ಕ್‌ಶಾಪಿನಲ್ಲಾದರೂ 304 ದರ್ಜೆಯ ಸ್ಟೇನ್‌ಲೆಸ್ ರಾಡ್ ಕೊಟ್ಟು, ಒಂದು ತುದಿ ಗುಂಡಿನ ಮೂತಿಯಂತೆ ದುಂಡು ಮಾಡಿಸಿ. ನಂತರ ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) 400, 800, 1200, 2000 ಹೀಗೆ ನಯ ಏರಿಸುತ್ತಾ ಉಜ್ಜಿ, ಬಫ್ ಮಾಡಿಸಿ. ನಿಮ್ಮ ಮುಖ ಅದರಲ್ಲಿ ಕಾಣಬೇಕು. ಪೀಣ್ಯದಲ್ಲಿ ಹೀಗೆ ಮಾಡಿಸಿಕೊಂಡ ಸರಳನ್ನು ನಾನು ಇಂದಿಗೂ ಬಳಸುತ್ತೇನೆ.

ತಂತಿ. ಅಂಗಡಿಯವರು ಕೊಡುವ ತೆಳು ಸೆಟ್ ಈ ಗಿಡ್ಡ ಅಳತೆಗೆ ಜೋಲು ಬೀಳುತ್ತದೆ. ಸರಳಿನ ತೂಕಕ್ಕೆ ತಂತಿ ಕೆಳಗೆ ಇಳಿದು ಸ್ವರ ನಡುಗುತ್ತದೆ, ಹಲಗೆಗೂ ಬಡಿಯುತ್ತದೆ. ಬಿಡಿ ತಂತಿ ಕೊಳ್ಳಿ. ನಾನು ಕೆಳಗೆ ಹೇಳುವ ಡಿ ಶ್ರುತಿಗೆ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ, ತೆಳುವಿನಿಂದ ದಪ್ಪಕ್ಕೆ 16, 22, 26, 36, 46, 56 ಸರಿಹೋಗುತ್ತದೆ. 16 ಮತ್ತು 22 ಬರೀ ಉಕ್ಕು, ಉಳಿದವು ಸುತ್ತು ತಂತಿ. ಸುತ್ತು ನಿಕ್ಕಲ್ ಲೇಪಿತ ಉಕ್ಕಿನದಾಗಿರಲಿ. ಕಂಚಿನ ಸುತ್ತಿನ ತಂತಿ ಅಯಸ್ಕಾಂತದ ಪಿಕಪ್‌ಗೆ ಮಂಕಾಗಿ ಕೇಳಿಸುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಶ್ರುತಿ. ಲ್ಯಾಪ್ ಸ್ಟೀಲ್‌ನಲ್ಲಿ ಶ್ರುತಿ ಅಂದರೆ ಯಾವ ಸ್ವರಗಳು ಒಂದೇ ನೇರದಲ್ಲಿ ಸಿಗಬೇಕೆಂಬ ತೀರ್ಮಾನ. ಬೆರಳುಗಳಿಗೆ ಬೇರೆ ಬೇರೆ ಮೆಟ್ಟಿಲು ಹಿಡಿಯುವ ಸ್ವಾತಂತ್ರ್ಯವಿಲ್ಲ, ಒಂದೇ ಸರಳು ಎಲ್ಲ ತಂತಿಗೂ ಅಡ್ಡ ಬೀಳುತ್ತದೆ. ಹಳೆಯ ಹವಾಯಿ ವಾದಕರು ಮೇಜರ್ ಸ್ವರಮೇಳದ (ಸ ಗ ಪ ಒಟ್ಟಿಗೆ ಮೊಳಗುವ ಕಾರ್ಡ್‌ನ) ಶ್ರುತಿಗಳನ್ನು ಬಳಸಿದರು. ಆಮೇಲೆ ಸಿ ಸಿಕ್ಸ್ತ್ ಎಂಬ ಶ್ರುತಿ ಹರಡಿತು. ಜೆರ್ರಿ ಬರ್ಡ್ ಅದನ್ನು ನುಡಿಸಿ, ಮುಂದೆ ಹೊನೊಲುಲುವಿನಲ್ಲೇ ನೆಲೆಸಿ ಹವಾಯಿಯ ಹುಡುಗರಿಗೆ ಕಲಿಸಿದರು. ಸಿ ಸಿಕ್ಸ್ತ್‌ನ ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಓದಿ: ಸ ಗ ಪ ದ ಸ ಗ. ರಿಷಭ ಒಂದು ಸೇರಿದರೆ ಭೂಪ್, ನಮ್ಮ ಮೋಹನ. ಮೇಲಿನ ದ ಸ ಗ ಮೂರನ್ನು ಒಟ್ಟಿಗೆ ಮೀಟಿದರೆ ಮೈನರ್ ಸ್ವರಮೇಳವೂ ಸಿಗುತ್ತದೆ. ಸಿನಿಮಾ ಹಾಡಿನ ಹಿನ್ನೆಲೆಗೆ, ಸ್ವರಮೇಳದ ಸಂಗೀತಕ್ಕೆ ಬಲು ಚೆಂದ.

ಆದರೆ ನಿಮಗೆ ಅದು ಬೇಡ, ಈಗಲೇ ಬೇಡ. ಹಾಡಿನ ಕೆಳಗೆ ಸುಮ್ಮನೆ ಮೊಳಗುತ್ತಿರುವ ಧೈವತ ಎಲ್ಲ ಭಾವಗೀತೆಗೂ ಒಗ್ಗುವುದಿಲ್ಲ. ನಿಮಗೆ ಡಿ ಮೇಜರ್ ಶ್ರುತಿ: ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಮಾತಿನಲ್ಲಿ ಸ ಪ ಸ ಗ ಪ ಸ. ತಂಬೂರಿಯೇ ತೊಡೆಯ ಮೇಲೆ ಮಲಗಿದಂತೆ. ಕೋಮಲ ಗಾಂಧಾರದ ರಾಗ ಬಂದಾಗ ಮಧ್ಯದ ಗ ತಂತಿಯನ್ನು ಅರ್ಧ ಸ್ವರ ಏರಿಸಿ ಮ ಮಾಡಿಕೊಳ್ಳಿ, ಅಥವಾ ಮೀಟದೆ ಬಿಡಿ. ನಿಮ್ಮ ಷಡ್ಜ ಡಿ ಅಲ್ಲದಿದ್ದರೆ ಇಡೀ ವಾದ್ಯವನ್ನು ಒಂದು ಸ್ವರದವರೆಗೆ ಏರಿಳಿಸಬಹುದು, ಇಳಿಸಿದಷ್ಟೂ ಕೆಳಗಿನ ತಂತಿ ದಪ್ಪವಾಗಬೇಕು.

ಟ್ಯೂನರ್ ಹಸಿರು ತೋರಿಸಿದರೂ ಅಪಸ್ವರ ಏಕೆ ಎಂಬುದಕ್ಕೆ ಬಂದೆ. ಟ್ಯೂನರ್‌ಗೆ ಗೊತ್ತಿರುವುದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಲೆಕ್ಕ. ತಂಬೂರಿಯ ಷಡ್ಜದಿಂದ ತಾನಾಗಿ ಮೂಡುವ ಶುದ್ಧ ಗಾಂಧಾರ ಷಡ್ಜದ ಒಂದೂಕಾಲು ಪಟ್ಟು. ಅದು ಟ್ಯೂನರ್‌ನ ಗಾಂಧಾರಕ್ಕಿಂತ 14 ಸೆಂಟ್ಸ್ ಕೆಳಗಿದೆ, ಸೆಂಟ್ಸ್ ಅಂದರೆ ಅರ್ಧ ಸ್ವರದ ನೂರನೇ ಭಾಗ. ಹಾರ್ಮೋನಿಯಂ ಜೊತೆ ಹಾಡುವಾಗ ನಿಮ್ಮ ಗುರುಗಳು ಗಾಂಧಾರದಲ್ಲಿ ತಂಬೂರಿ ಕೇಳು ಎಂದಿದ್ದರೆ ಕಾರಣ ಇದೇ. ಆದ್ದರಿಂದ ಸ ಮತ್ತು ಪ ತಂತಿಗಳನ್ನು ಟ್ಯೂನರ್‌ನಲ್ಲಿ ಕೂರಿಸಿ, ಗ ತಂತಿಗೆ ಟ್ಯೂನರ್ ಆಫ್ ಮಾಡಿ.

ಗ ತಂತಿಯನ್ನು ವಾದ್ಯದಿಂದಲೇ ಕೂರಿಸುವ ದಾರಿ ಹೀಗಿದೆ. ತೆಳುವಿನಿಂದ ಎಣಿಸಿದರೆ ನಾಲ್ಕನೆಯದು ಮಧ್ಯದ ಸ. ಅದರ ಮೇಲೆ ಮೇರುವಿನಿಂದ 114.3 ಮಿ.ಮೀ. ದೂರದಲ್ಲಿ, ಅಂದರೆ ತಂತಿಯ ಐದನೇ ಒಂದು ಭಾಗದಲ್ಲಿ, ಬೆರಳನ್ನು ಸುಮ್ಮನೆ ತಾಗಿಸಿ ಮೀಟಿ ಬೆರಳು ತೆಗೆಯಿರಿ. ಗಂಟೆಯಂಥ ಎತ್ತರದ ಗಾಂಧಾರ ಕೇಳುತ್ತದೆ. ಈಗ ಮೂರನೆಯದಾದ ಗ ತಂತಿಯ ಮೇಲೆ ಐದನೇ ಗೆರೆಯ ಹತ್ತಿರ ಹಾಗೇ ಬೆರಳು ತಾಗಿಸಿ ಮೀಟಿ. ಎರಡೂ ಒಂದೇ ಎತ್ತರದ ನಾದ ಆಗಬೇಕು. ಒಟ್ಟಿಗೆ ಮೊಳಗಿಸಿದಾಗ ವಂಯ್ ವಂಯ್ ಎಂಬ ಅಲೆ ಕೇಳಿಸಿದರೆ ಬಿರಡೆಯನ್ನು ಅದು ನಿಧಾನವಾಗಿ ನಿಲ್ಲುವವರೆಗೆ ತಿರುಗಿಸಿ. ಅಲೆ ನಿಂತ ಕ್ಷಣದಲ್ಲಿ ಆರೂ ತಂತಿಗಳನ್ನು ಒಮ್ಮೆ ಹರಡಿ ಮೀಟಿ ನೋಡಿ. ಹಲಗೆಯೇ ನಿಟ್ಟುಸಿರು ಬಿಟ್ಟಂತೆ ಇರುತ್ತದೆ.

ಆ 114.3ಕ್ಕೂ ನೀವು ಬರೆದ ನಾಲ್ಕನೇ ಗೆರೆಗೂ, 117.9ಕ್ಕೂ, ಮೂರೂವರೆ ಮಿಲಿಮೀಟರಿಗಿಂತ ಕೊಂಚ ಹೆಚ್ಚು ವ್ಯತ್ಯಾಸ ಇದೆಯಲ್ಲವೇ? ಷಡ್ಜ ತಂತಿಯ ಮೇಲೆ ನಿಮ್ಮ ಗಾಂಧಾರ ನಿಲ್ಲಬೇಕಾದದ್ದು 114.3ರಲ್ಲಿ. ಅದಕ್ಕೇ ನನ್ನ ಎಲ್ಲ ವಾದ್ಯಗಳಲ್ಲೂ ಗೆರೆಗಳ ಜೊತೆಗೆ ಎರಡನೇ ಬಣ್ಣದ ಚುಕ್ಕೆಗಳನ್ನು ಹಾಕುತ್ತೇನೆ: ರಿಷಭಕ್ಕೆ 63.5, ಗಾಂಧಾರಕ್ಕೆ 114.3, ಮಧ್ಯಮಕ್ಕೆ 142.9, ಪಂಚಮಕ್ಕೆ 190.5, ಧೈವತಕ್ಕೆ 228.6, ನಿಷಾದಕ್ಕೆ 266.7. ಮಧ್ಯಮ, ಪಂಚಮ ಗೆರೆಯ ಮೇಲೆಯೇ ಬರುತ್ತವೆ. ಗಾಂಧಾರ, ಧೈವತ, ನಿಷಾದ ಮೂರೂ ಗೆರೆಯಿಂದ ಮೇರುವಿನ ಕಡೆ ಸರಿಯುತ್ತವೆ. ಇವು ಎಲ್ಲ ಶುದ್ಧ ಸ್ವರಗಳ ಬಿಲಾವಲ್‌ನ ಒಂದು ಲೆಕ್ಕ. ರಾಗ ಬದಲಾದಂತೆ ಧೈವತವೂ ರಿಷಭವೂ ಜಾಗ ಬದಲಿಸುತ್ತವೆ, ಆಗ ನೀವು ಕಲಿತ ಗಾಯನವೇ ಅಳತೆಪಟ್ಟಿ.

ಒಂದು ಮಿಲಿಮೀಟರ್ ತಪ್ಪಿದರೆ ಎಷ್ಟು ತಪ್ಪು ಎಂಬುದೂ ಗೊತ್ತಿರಲಿ. ಮೇರುವಿನ ಹತ್ತಿರ ಮೂರು ಸೆಂಟ್ಸ್, ಹನ್ನೆರಡನೇ ಗೆರೆಯಲ್ಲಿ ಆರು, ತಾರ ಸಪ್ತಕದ ಕೊನೆಯ ಇಪ್ಪತ್ತನಾಲ್ಕನೇ ಗೆರೆಯಲ್ಲಿ ಹನ್ನೆರಡು. ಮೇಲೇರಿದಂತೆ ಕೈ ನಿಧಾನವಾಗಬೇಕು, ನಮಗೆಲ್ಲ ಉತ್ಸಾಹ ಏರುವುದೂ ಅಲ್ಲೇ. ಜೊತೆಗೆ ಕಣ್ಣಿನ ಮೋಸ ಬೇರೆ: ಸರಳು ಹಲಗೆಯಿಂದ ಒಂದು ಸೆಂಟಿಮೀಟರ್ ಮೇಲಿರುವುದರಿಂದ, ಓರೆಯಾಗಿ ನೋಡಿದರೆ ಗೆರೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಸರಳು ತಂತಿಗೆ ತಾಗುವ ಜಾಗ ಗೆರೆಯ ನೇರ ಮೇಲೆ ಬರಬೇಕು. ಗೆರೆಗಳ ನಡುವಿನ ಜಾಗದಲ್ಲಿ ಒತ್ತುವ ಮಾಮೂಲಿ ಗಿಟಾರಿನ ಅಭ್ಯಾಸವನ್ನು ಪೂರ್ತಿ ಬಿಡಿ.

ಇನ್ನು ಕೈ. ಬೆನ್ನಿಲ್ಲದ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ ಕೂರಿ. ತೊಡೆ ನೆಲಕ್ಕೆ ಸಮವಾಗಿರಲಿ, ಇಲ್ಲದಿದ್ದರೆ ವಾದ್ಯ ಜಾರುತ್ತದೆ. ಹಿಂಬದಿಗೆ ಒಂದು ತುಂಡು ಚರ್ಮವೋ ರಬ್ಬರೋ ಅಂಟಿಸಿ. ಎಡಗೈ ಹೆಬ್ಬೆರಳು ಮತ್ತು ನಡುಬೆರಳು ಸರಳನ್ನು ಎರಡೂ ಕಡೆಯಿಂದ ಹಿಡಿಯುತ್ತವೆ, ತೋರುಬೆರಳು ಮೇಲೆ ಸುಮ್ಮನೆ ಮಲಗುತ್ತದೆ. ಒತ್ತಬೇಡಿ. ಸರಳಿನ ತೂಕವೇ ಸಾಕು, ಅದಕ್ಕೇ ಅದನ್ನು ಭಾರವಾಗಿ ಮಾಡಿಸಿದ್ದು.

ಉಂಗುರ ಬೆರಳು, ಕಿರುಬೆರಳು ಸರಳಿನ ಹಿಂದೆ, ಮೇರುವಿನ ಕಡೆ, ತಂತಿಗಳ ಮೇಲೆ ಗರಿಯಂತೆ ಮಲಗಿರಬೇಕು. ಕಲಿಯುವವರಲ್ಲಿ ನಾನು ಮೊದಲು ನೋಡುವುದೇ ಈ ಎರಡು ಬೆರಳುಗಳನ್ನು. ಸರಳಿನ ಮುಂದಿರುವ ತಂತಿಯ ಭಾಗವನ್ನು ಮೀಟಿದಾಗ ಹಿಂದಿರುವ ಭಾಗವೂ ತನ್ನದೇ ಸ್ವರದಲ್ಲಿ ಕಂಪಿಸುತ್ತದೆ. ಆ ಬೇಡದ ಸ್ವರ ನಿಮ್ಮ ಸ್ವರದೊಡನೆ ಬೆರೆತು ಎಲ್ಲವನ್ನೂ ಮಬ್ಬು ಮಾಡುತ್ತದೆ. ಬೆರಳುಗಳು ಅಲ್ಲಿ ಇದ್ದರೆ ಅದು ಹುಟ್ಟುವ ಮುನ್ನವೇ ಆರುತ್ತದೆ. ನಿಮ್ಮ ಕರಕರದಲ್ಲಿ ಉಳಿದ ಪಾಲು ಇಲ್ಲಿ ಮಾಯವಾಗಬಹುದು.

ಬಲಗೈಗೆ ಹೆಬ್ಬೆರಳಿಗೆ ಪ್ಲಾಸ್ಟಿಕ್, ತೋರುಬೆರಳು ಮತ್ತು ನಡುಬೆರಳಿಗೆ ಲೋಹದ ಮಿಜ್ರಾಬು, ಅಂದರೆ ಮೀಟಲು ಬೆರಳಿಗೆ ಹಾಕುವ ಉಗುರು. ಅಂಗೈಯ ಕಿರುಬೆರಳ ಕಡೆಯ ಅಂಚು ಕುದುರೆಯ ಹತ್ತಿರ ತಂತಿಗಳ ಮೇಲೆ ಇಳಿದು, ನುಡಿಸಿ ಮುಗಿದ ತಂತಿಯನ್ನು ಸುಮ್ಮನಾಗಿಸುತ್ತದೆ. ಮೀಟಲು ಕೈ ಎತ್ತುವುದು, ಮುಂದಿನ ಮೀಟಿಗೆ ಮುನ್ನ ಇಳಿಸುವುದು, ಈ ಉಸಿರಾಟ ಕೈಗೆ ಕೂರಲು ತಿಂಗಳುಗಳು ಬೇಕು. ಮೀಟಿದ ಸದ್ದಿಗಿಂತ ನಿಲ್ಲಿಸಿದ ಸದ್ದಿನ ಅಭ್ಯಾಸಕ್ಕೆ ಹೆಚ್ಚು ಹೊತ್ತು ಕೊಡಿ.

ಓರೆ ಸರಳಿನ ವರಸೆ, ಅಂದರೆ ಒಂದು ತಂತಿಯಲ್ಲಿ ಒಂದು ಗೆರೆ, ಪಕ್ಕದ್ದರಲ್ಲಿ ಇನ್ನೊಂದು ಗೆರೆ ಹಿಡಿಯುವುದು, ಮೊದಲ ವರ್ಷ ಬೇಡ. ಕಂಪನವೂ ಮೊದಲ ಮೂರು ತಿಂಗಳು ಬೇಡ. ಸ್ವರ ತಪ್ಪಿದ್ದನ್ನು ನಡುಗಿಸಿ ಮುಚ್ಚುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ, ಅದನ್ನು ಎಷ್ಟೋ ಜನರಲ್ಲಿ ಕಂಡಿದ್ದೇನೆ. ತಂಬೂರಿ ಹಾಕಿಕೊಂಡು, ಮೊದಲ ತಂತಿ ಒಂದರಲ್ಲೇ, ಪ್ರತಿ ಸ್ವರವನ್ನು ಬಾಯಲ್ಲಿ ಹಾಡಿ, ಆಮೇಲೆ ಮೀಟಿ, ನಾದ ಪೂರ್ತಿ ಆರುವವರೆಗೆ ಸರಳನ್ನು ಅಲುಗಿಸದೆ ಹಿಡಿಯಿರಿ. ದಿನಕ್ಕೆ ಇಪ್ಪತ್ತು ನಿಮಿಷ ಇಷ್ಟೇ. ಆಮೇಲೆ ಎರಡು ಸ್ವರಗಳ ನಡುವೆ ಜಾರುವುದು. ಜಾರುವಾಗ ಸರಳು ತಂತಿ ಬಿಟ್ಟು ಏಳಬಾರದು, ಗುರಿ ದಾಟಿ ಹಿಂದೆ ಬರಲೂಬಾರದು.

ಮೊದಲ ರಾಗ ಭೂಪ್ ಇರಲಿ, ಅದಕ್ಕೆ ನಿಮ್ಮ ತೆರೆದ ತಂತಿಗಳೆಲ್ಲವೂ ಜೊತೆ ಕೊಡುತ್ತವೆ. ಮೊದಲ ತಂತಿಯಲ್ಲಿ ಪಂಚಮವನ್ನು ಒಮ್ಮೆ ಮೀಟಿ, 190.5ರಿಂದ 114.3ಕ್ಕೆ, ಏಳೂವರೆ ಸೆಂಟಿಮೀಟರಿನಷ್ಟು ದೂರ, ಒಂದೇ ಉಸಿರಿನಲ್ಲಿ ಇಳಿಯಿರಿ. ನಾಲ್ಕನೇ ಗೆರೆ ಬಂದಾಗ ಕೈ ಅಲ್ಲೇ ನಿಲ್ಲಲು ನೋಡುತ್ತದೆ. ಅದನ್ನು ದಾಟಿ ಚುಕ್ಕೆಯವರೆಗೆ ಹೋಗಿ, ತಂಬೂರಿಯ ಗಾಂಧಾರದೊಳಗೆ ಸರಳು ಕರಗುವ ಜಾಗದಲ್ಲಿ ನಿಲ್ಲಿಸಿ, ನಾದ ಆರುವವರೆಗೆ ಕೇಳುತ್ತಾ ಕೂರಿ.